ಸೈಜಣ್ಣನ ಕುರ್ಚಿ ಮತ್ತು ವರ್ಷದ ಸಣ್ಣ ಹಗಲು

ಎಲ್ಲಕ್ಕೂ ಕಾರಣ ಮೇಲಿನ ಮಹಡಿಯ ಯೋಗದ ಮೇಡಂ. ಬೆಳಿಗ್ಗೆ ಎದ್ದವರೇ ಮನೆಮನೆಯ ಬಾಗಿಲು ತಟ್ಟಿ, ಇವತ್ತು ವರ್ಷದಲ್ಲೇ ಅತಿ ಸಣ್ಣ ಹಗಲು, ನಾಳೆಯಿಂದ ಸೂರ್ಯ ನಮ್ಮ ಕಡೆ ತಿರುಗುತ್ತಾನೆ ಎಂದು, ಆ ಸೂರ್ಯನನ್ನು ತಾವೇ ಮಾತಾಡಿಸಿ ಒಪ್ಪಿಸಿದವರ ಹಾಗೆ ಹೇಳಿಕೊಂಡು ಬಂದರು. ಹೊತ್ತು ಮುಳುಗುವಾಗ ಎಲ್ಲರೂ ತಾರಸಿಗೆ ಬರಬೇಕು. ಮರ ಎಲೆ ಉದುರಿಸಿ ಚಿಗುರುವ ಹಾಗೆ, ಪ್ರತಿಯೊಬ್ಬರೂ ಬೇಡದ ಹಳೆಯದೊಂದನ್ನು ಬೆಂಕಿಗೆ ಹಾಕಿ, ಹೊಸ ಸಂಕಲ್ಪವೊಂದನ್ನು ಗಟ್ಟಿಯಾಗಿ ಹೇಳಬೇಕು.

ಆಗ ಸೈಜಣ್ಣ ಒಳಗೆ ತನ್ನ ಕುರ್ಚಿಯಲ್ಲಿ ಕಾಫಿ ಹೀರುತ್ತಿದ್ದ. ಅವನು ಚಪ್ಪಲಿ ಅಂಗಡಿಯ ಸೇಲ್ಸ್‌ಮನ್. ಯಾರ ಪಾದ ಕಂಡರೂ ದೂರದಿಂದಲೇ ಸೈಜು ಹೇಳುತ್ತಿದ್ದನಾದ್ದರಿಂದ ಕಟ್ಟಡದವರೆಲ್ಲ ಅವನಿಗೆ ಇಟ್ಟ ಹೆಸರು ಅದು. ದಿನವಿಡೀ ಊರಿನವರನ್ನೆಲ್ಲ ಕೂರಿಸಿ ತಾನು ನಿಂತೇ ಇರುವ ಕೆಲಸ. ಹಾಗಾಗಿ ಮನೆಯ ಆ ಮಡಚುವ ಆರಾಮ ಕುರ್ಚಿ ಅವನಿಗೆ ಬರೀ ಕುರ್ಚಿಯಾಗಿರಲಿಲ್ಲ, ಸಂಬಳದಷ್ಟೇ ಮುಖ್ಯವಾಗಿತ್ತು. ಅದರ ಬಟ್ಟೆ ಜೋತುಬಿದ್ದು ಕೂತವನ ಬೆನ್ನು ನೆಲಕ್ಕೆ ತಾಗುವಂತಿತ್ತು. ಒಂದು ಕಾಲು ಗಿಡ್ಡವಾದ್ದರಿಂದ ಅದಕ್ಕೆ ಚಪ್ಪಲಿ ಡಬ್ಬಿಯ ರಟ್ಟು ಮಡಚಿ ಕಟ್ಟಿದ್ದ. ಕೂತರೆ ಸಾಕು, ಮುದಿ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಗುಡುತ್ತಿತ್ತು. ಅದನ್ನು ಹೊರಗೆ ಹಾಕುವ ವಿಷಯದಲ್ಲಿ ಗಂಡ ಹೆಂಡಿರಿಗೆ ಮದುವೆಯಾದಾಗಿನಿಂದ ಜಗಳ.

ಬಾಗಿಲಲ್ಲಿ ಮೇಡಂ ಹೆಂಡತಿಯನ್ನು ಕೇಳಿದ್ದು ಅವನ ಕಿವಿಗೆ ಬಿತ್ತು. “ನೀವು ಏನು ಹಾಕ್ತೀರಾ?”

ಹೆಂಡತಿಯ ದನಿ ತಗ್ಗಿತು. “ಮದುವೆಯಾದಾಗಿಂದ ಅದೊಂದು ನನ್ನ ತಲೆ ತಿಂತಾ ಇದೆ ಮೇಡಂ. ದಿನಾ ಅದೇ ಕಿರಿಕಿರಿ. ಇವತ್ತು ಅದಕ್ಕೊಂದು ಗತಿ ಕಾಣಿಸಿಬಿಡ್ತೀನಿ. ಇವರಿಗೆ ಮಾತ್ರ ಹೇಳ್ಬೇಡಿ. ಸಂಜೆ ತಾನಾಗೇ ಗೊತ್ತಾಗ್ಲಿ.”

ಅದೊಂದು ಅಂದರೆ ತನ್ನ ಕುರ್ಚಿಯೇ ಇರಬೇಕು ಎಂದು ಸೈಜಣ್ಣ ಕಾಫಿ ಲೋಟ ಕೆಳಗಿಟ್ಟ. ಅವನು ಸ್ನಾನ ಮುಗಿಸಿ ಬರುವಾಗ ಅನುಮಾನ ಖಾತ್ರಿಯೇ ಆಯಿತು. ಹೆಂಡತಿ ಅಳತೆ ಟೇಪು ಹಿಡಿದು ಕುರ್ಚಿಯ ಉದ್ದ ಅಗಲ ನೋಡುತ್ತಿದ್ದಳು. ಗಂಡನನ್ನು ಕಂಡದ್ದೇ ಟೇಪನ್ನು ಸೆರಗಿನೊಳಗೆ ಸುತ್ತಿಕೊಂಡು, “ಧೂಳು ನೋಡ್ತಿದ್ದೆ” ಎಂದಳು.

ತಾರಸಿಯ ಬಾಗಿಲಲ್ಲಿ ಹಿಡಿಸುತ್ತೋ ಇಲ್ಲವೋ ಅಂತ ಅಳೆಯುತ್ತಿದ್ದಾಳೆ ಎಂದು ಸೈಜಣ್ಣ ಲೆಕ್ಕ ಹಾಕಿದ. ಆದರೆ ಹೆದರಲಿಲ್ಲ. ತನ್ನ ಬುದ್ಧಿಯ ಮೇಲೆ ಅವನಿಗೆ ಎಂದೂ ಅಪನಂಬಿಕೆ ಬಂದದ್ದಿಲ್ಲ. ಬಿಗಿಯಾದ ಬೂಟನ್ನು ಸಡಿಲವಾಗುತ್ತೆ ಅಂತ ಮಾರಿದವನು, ಸಡಿಲವಾದದ್ದನ್ನು ಬಿಗಿಯಾಗುತ್ತೆ ಅಂತ ಮಾರಿದವನು. ಒಂದು ಕುರ್ಚಿ ಉಳಿಸಿಕೊಳ್ಳುವುದು ಯಾವ ಮಹಾ ಕೆಲಸ?

ಅವತ್ತು ಅಂಗಡಿಗೆ ರಜೆ. ಹೆಂಡತಿ ಪೇಟೆಗೆ ಹೊರಟದ್ದೇ ತಡ, ಕುರ್ಚಿಯನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ರಾತ್ರಿ ಇಟ್ಟರೆ ಆಯಿತು ಎಂಬುದು ಅವನ ಯೋಜನೆ. ಗೂಡಿಗೆ ಬೀಗ. ಬೀಗ ಎಳೆದು ನೋಡುತ್ತಿರುವಾಗ ಕುರ್ಚಿ ಹೆಗಲ ಮೇಲೇ ಬಿಚ್ಚಿಕೊಂಡು ಅವನ ತಲೆ ಚೌಕಟ್ಟಿನೊಳಗೆ ತೂರಿತು. ಕಟ್ಟು ಹಾಕಿದ ಫೋಟೋದಂತೆ ನಿಂತವನ ಎದುರಿಗೆ ಯೋಗದ ಮೇಡಂ ಪ್ರತ್ಯಕ್ಷರಾದರು.

“ಅರೆ, ನೀವೇ ಖುದ್ದಾಗಿ ಹೊತ್ಕೊಂಡು ಬಂದ್ರಾ?” ಅವರ ಕಣ್ಣು ಅರಳಿತು. “ಪ್ರೀತಿಯ ವಸ್ತುವನ್ನೇ ಬಿಡೋದು ಅಂದ್ರೆ ಸುಮ್ನೆ ಅಲ್ಲ. ಆದ್ರೆ ತಾರಸಿ ಇರೋದು ಮೇಲೆ ಅಲ್ವಾ, ನೀವು ಕೆಳಗೆ ಬಂದಿದೀರಲ್ಲ.”

“ಭಾರ ಎಷ್ಟಿದೆ ಅಂತ ನೋಡ್ತಿದ್ದೆ ಮೇಡಂ. ಸಂಜೆ ಕಷ್ಟ ಆಗ್ಬಾರ್ದಲ್ಲ” ಎಂದ ಸೈಜಣ್ಣ, ಚೌಕಟ್ಟಿನೊಳಗಿಂದಲೇ.

“ಬೀಜಾನೂ ಹೀಗೇ. ಮೊದ್ಲು ಕತ್ತಲಿಗಿಳಿದು ಆಮೇಲೆ ಮೇಲಕ್ಕೆ ಬರೋದು” ಎಂದು ಮೇಡಂ ಅವನ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಹೊರಗೆಳೆದರು. ಕತ್ತಿಗೂ ಒಂದು ವ್ಯಾಯಾಮ ಆದಂತಾಯಿತು.

ಮತ್ತೆ ಮೆಟ್ಟಿಲು ಹತ್ತಿ ತನ್ನ ಮಹಡಿ ತಲುಪುವಷ್ಟರಲ್ಲಿ ಸೈಜಣ್ಣನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಎದುರುಮನೆಯ ಬಾಗಿಲು ತೆರೆಯಿತು. ಅಲ್ಲಿ ಒಬ್ಬರೇ ಇರುವ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಯಾರ ಮನೆಯ ಬಾಗಿಲು ಯಾವಾಗ ಸದ್ದು ಮಾಡಿತು ಎಂಬುದೆಲ್ಲ ಬಾಯಿಪಾಠ.

“ಏನಪ್ಪಾ ಸೈಜಣ್ಣ, ಕುರ್ಚಿ ಸಮೇತ ಮನೆಯಿಂದ ಆಚೆಗೆ ಹಾಕಿದ್ರಾ?”

ಸೈಜಣ್ಣನಿಗೆ ತಟ್ಟನೆ ಹೊಳೆಯಿತು. ಎದುರುಮನೆಗಿಂತ ಭದ್ರವಾದ ಜಾಗ ಬೇಕೇ? “ಸಾರ್, ಇದನ್ನ ನಿಮ್ಮ ಮನೇಲಿ ಇಟ್ಕೊಳ್ಳಿ. ಸಂಜೆ ಮೇಲೆ ಬೆಂಕಿ ಹಾಕ್ತಾರಲ್ಲ, ಅದಕ್ಕೇ. ನನ್ನ ಹೆಂಡತಿಗೆ ಮಾತ್ರ ಗೊತ್ತಾಗ್ಬಾರ್ದು.”

“ಆಕೆಗೆ ಗೊತ್ತಿಲ್ದೆ?” ಪೋಸ್ಟ್‌ಮಾಸ್ಟರು ಹುಬ್ಬೇರಿಸಿದರು.

ಕೆಳಗಿನಿಂದ ಹೆಂಡತಿಯ ಚಪ್ಪಲಿಯ ಸದ್ದು ಕೇಳಿಸಿತು. “ಎಲ್ಲಾ ವಿವರಿಸೋಕೆ ಪುರುಸೊತ್ತಿಲ್ಲ ಸಾರ್. ನಿಮ್ಮನ್ನ ನಂಬಿದೀನಿ.”

“ಚಿಂತೆ ಬಿಡು. ಆಯುಷ್ಯವೆಲ್ಲ ಊರಿನವರ ಪತ್ರ ಮುಟ್ಟಿಸಿದೀನಿ, ಒಂದನ್ನೂ ಒಡೆದು ಓದಿಲ್ಲ. ಕೊಟ್ಟದ್ದನ್ನ ತಲುಪಬೇಕಾದಲ್ಲಿ ತಲುಪಿಸೋದಷ್ಟೇ ನನ್ನ ಕೆಲಸ” ಎಂದು ಪೋಸ್ಟ್‌ಮಾಸ್ಟರು ಕುರ್ಚಿಯನ್ನು ಒಳಗೆಳೆದುಕೊಂಡರು.

ಒಂದು ದೊಡ್ಡ ಪೊಟ್ಟಣ ಹಿಡಿದು ಬಂದ ಹೆಂಡತಿ ಮೂಲೆ ನೋಡಿ ಅಲ್ಲೇ ನಿಂತಳು. “ಕುರ್ಚಿ ಎಲ್ಲಿ?”

“ರಿಪೇರಿಗೆ ಕೊಟ್ಟೆ. ನಾಳೆ ಬರುತ್ತೆ.”

“ಇಷ್ಟು ವರ್ಷ ಇಲ್ಲದ್ದು ಇವತ್ತೇ ಕೊಡ್ಬೇಕಿತ್ತಾ?” ಅವಳ ಮುಖ ಬಾಡಿತು. ಬಾಡಿದ ಆ ಮುಖ ನೋಡಿ ಸೈಜಣ್ಣನ ಮನಸ್ಸು ಹೂವಾಯಿತು. ಅವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡು ಹೊಲಿಗೆ ಮಿಷನ್ನು ತುಳಿಯತೊಡಗಿದಳು. ಸಿಟ್ಟೆಲ್ಲ ಮಿಷನ್ನಿನ ಮೇಲೆ ತೀರಲಿ ಎಂದು ಅವನು ನೆಲದ ಮೇಲೇ ಕಾಲು ಚಾಚಿ, ಬೆಂಕಿಗೆ ಹಾಕಲು ಮುರಿದ ಕ್ರಿಕೆಟ್ ಬ್ಯಾಟೊಂದನ್ನು ಹುಡುಕಿಟ್ಟುಕೊಂಡು, ಸುಖವಾಗಿ ನಿದ್ದೆ ಹೋದ.

ಸಂಜೆ ತಾರಸಿಯ ಮೇಲೆ ಕತ್ತರಿಸಿದ ಕಬ್ಬಿಣದ ಡ್ರಮ್ಮಿನಲ್ಲಿ ಬೆಂಕಿ ಧಗಧಗ ಉರಿಯುತ್ತಿತ್ತು. ಚಳಿಗೆ ಎಲ್ಲರೂ ಶಾಲು ಸ್ವೆಟರು ಹೊದ್ದು ಸುತ್ತ ನಿಂತಿದ್ದರು. ಸೂರ್ಯ ನೀರಿನ ಟ್ಯಾಂಕಿನ ಹಿಂದೆ ಇಳಿಯುತ್ತಿದ್ದ. ಒಬ್ಬೊಬ್ಬರೇ ಮುಂದೆ ಬಂದು ಹರಿದ ಚಾಪೆ, ಮುರಿದ ಮಣೆ ಹಾಕಿ, ಬೇಗ ಏಳುವುದಾಗಿಯೋ ಸಕ್ಕರೆ ಬಿಡುವುದಾಗಿಯೋ ಹೇಳಿದರು. ಕುರ್ಚಿ ಎಲ್ಲಿ ಎಂದು ಮೇಡಂ ಕೇಳುವ ಮೊದಲೇ ಸೈಜಣ್ಣ ಬ್ಯಾಟು ಹಾಕಿ, ಎದೆ ಉಬ್ಬಿಸಿ ಹೇಳಿದ. “ನಾಳೆಯಿಂದ ಹಗಲು ಬೆಳೆದ ಹಾಗೆ ನನ್ನ ತಾಳ್ಮೆಯೂ ಬೆಳೀಲಿ.” ಚಪ್ಪಾಳೆ ಬಿತ್ತು.

ಅವನ ಹೆಂಡತಿ ಮಡಚಿದ ಬಟ್ಟೆಯೊಂದನ್ನು ಹಿಡಿದು ಮುಂದೆ ಬಂದಳು.

“ನಾನು ಬೆಂಕಿಗೆ ಹಾಕೋದು ಸಾಮಾನಲ್ಲ” ಎಂದಳು. “ಮದುವೆಯಾದಾಗಿಂದ ಇವರ ಕುರ್ಚಿ ವಿಷಯಕ್ಕೆ ದಿನಾ ಜಗಳ ಆಡ್ತಿದ್ದೆ. ಅವರು ಇಡೀ ದಿನ ನಿಂತು ಬರೋರು. ಮನೇಲಿ ಇಷ್ಟಪಟ್ಟು ಕೂರೋದು ಅದೊಂದ್ರಲ್ಲೇ. ಆ ಜಗಳಾನ ಇವತ್ತಿಗೆ ಸುಟ್ಟುಬಿಟ್ಟೆ. ಇನ್ಮೇಲೆ ಕುರ್ಚಿನ ನಾನೇ ನೋಡ್ಕೊಳ್ತೀನಿ.” ಮಡಿಕೆ ಬಿಚ್ಚಿದಳು. ನೀಲಿ ಪಟ್ಟೆಯ ದಪ್ಪ ಬಟ್ಟೆ, ಅಂಚಿಗೆ ಎರಡು ಸಾಲು ಹೊಲಿಗೆ. “ಕದ್ದು ಅಳತೆ ತಗೊಂಡು ಹೊಲಿದಿದೀನಿ. ಕುರ್ಚಿ ರಿಪೇರಿಗೆ ಹೋಗಿಬಿಡ್ತು, ಇಲ್ದಿದ್ರೆ ಇವತ್ತೇ ಇಲ್ಲೇ ಹಾಕಿ ಕೂರಿಸ್ತಿದ್ದೆ.”

ತಾರಸಿಯೆಲ್ಲ ಆಹಾ ಎಂದಿತು. ಇಂಥವಳನ್ನು ಅನುಮಾನಿಸಿದೆನಲ್ಲ ಎಂದು ಸೈಜಣ್ಣನಿಗೆ ನಾಚಿಕೆಯಾಯಿತು. ಈಗಲೇ ಎದುರುಮನೆಯಿಂದ ಕುರ್ಚಿ ತಂದುಬಿಡಬೇಕು ಎಂದುಕೊಂಡು ಮೆಟ್ಟಿಲ ಕಡೆ ತಿರುಗಿದ.

ಮೆಟ್ಟಿಲು ಹತ್ತಿ ಪೋಸ್ಟ್‌ಮಾಸ್ಟರು ಬರುತ್ತಿದ್ದರು. ತೋಳಲ್ಲಿ ಉದ್ದನೆಯ ಕಟ್ಟು. ಹಳೆಯ ಹೊದಿಕೆ ಸುತ್ತಿ, ದಾರ ಬಿಗಿದು, ವಿದೇಶಕ್ಕೆ ಹೊರಟ ಪಾರ್ಸಲ್ಲಿನಂತೆ ಅಚ್ಚುಕಟ್ಟು ಮಾಡಿದ್ದರು. ಕೆಳಗಡೆ ಮಾತ್ರ ರಟ್ಟು ಕಟ್ಟಿದ ಒಂದು ಗಿಡ್ಡ ಕಾಲು ಸೈಜಣ್ಣ ನಿಂತ ಬದಿಗಷ್ಟೇ ಹೊರಗೆ ಇಣುಕುತ್ತಿತ್ತು. ಅವರು ಸೈಜಣ್ಣನ ಕಡೆ ನೋಡಿ ಕಣ್ಣು ಮಿಟುಕಿಸಿದರು.

“ಅಷ್ಟು ದೊಡ್ಡದು ಏನ್ ಸಾರ್ ಅದು?” ಎಂದಳು ಹೆಂಡತಿ.

“ಯಾರದೋ ಹಳೇ ಭಾರ ಕಣಮ್ಮ. ಕೇಳ್ಬೇಡ, ಮಾತು ಕೊಟ್ಟಿದೀನಿ. ನೆರೆಯವರಿಗೆ ಹೀಗೆ ನೆರವಾಗ್ತಾ ಇರ್ಬೇಕು ಅನ್ನೋದೇ ನನ್ನ ಸಂಕಲ್ಪ.”

“ಸಾರ್, ಸ್ವಲ್ಪ ತಡೀರಿ” ಎಂದು ಸೈಜಣ್ಣ ಓಡಿಬಂದು ಕಟ್ಟಿನ ತುದಿ ಹಿಡಿದ.

“ಬಾರಪ್ಪ, ನೀನೂ ಒಂದು ಕೈ ಹಾಕು. ನನ್ನೊಬ್ಬನ ಕೈಲಾಗಲ್ಲ.”

“ನೋಡಿ, ತಾಳ್ಮೆಯ ಜೊತೆ ಸಹಕಾರಾನೂ ಬೆಳೀತಿದೆ” ಎಂದು ಯೋಗದ ಮೇಡಂ ಎಲ್ಲರಿಗೂ ತೋರಿಸಿದರು.

ಸೈಜಣ್ಣ ಬಾಯಿ ತೆರೆದ. ನಿಜ ಹೇಳಿದರೆ ಕುರ್ಚಿ ಉಳಿಯುತ್ತಿತ್ತು. ಆದರೆ ಎದುರಿಗೆ ಹೆಂಡತಿ ಪಟ್ಟೆ ಬಟ್ಟೆಯನ್ನು ಎದೆಗವಚಿಕೊಂಡು, ಮದುವೆಯ ದಿನ ನಿಂತ ಹಾಗೆ ನಿಂತಿದ್ದಳು. ನಿನ್ನನ್ನು ನಂಬದೆ ಕುರ್ಚಿಯನ್ನು ಬಚ್ಚಿಟ್ಟೆ ಎಂದು ಇಷ್ಟು ಜನರ ಮುಂದೆ, ಆ ಮುಖ ನೋಡಿಕೊಂಡು ಹೇಳುವುದು ಹೇಗೆ? ಸಂತೆಯಲ್ಲಿ ಹುಡುಕಿದರೆ ಇಂಥದೇ ಹಳೆಯ ಕುರ್ಚಿ ಇನ್ನೊಂದು ಸಿಕ್ಕೇ ಸಿಗುತ್ತದೆ ಎಂದು ಅವನ ಬುದ್ಧಿ ಭರವಸೆ ಕೊಟ್ಟಿತು. ಬಾಯಿ ಮುಚ್ಚಿ ತುದಿ ಎತ್ತಿದ. ಕಟ್ಟು ಡ್ರಮ್ಮಿಗೆ ಬಿತ್ತು. ಒಣಗಿದ ಮರ ಚಟಪಟ ಎಂದು ಹೊತ್ತಿಕೊಂಡು, ಅಂದಿನ ಸಂಜೆಯಲ್ಲೇ ಅತಿ ಒಳ್ಳೆಯ ಶಾಖ ಕೊಟ್ಟಿತು. ಎಲ್ಲರೂ ಅಂಗೈ ಕಾಯಿಸಿಕೊಂಡರು.

ಕೆಳಗೆ ಇಳಿಯುವಾಗ ಹೆಂಡತಿ ಅವನ ತೋಳು ಹಿಡಿದುಕೊಂಡಳು. “ರೀ, ರಿಪೇರಿ ಅಂಗಡಿ ಎಲ್ಲಿ? ನಾಳೆ ನಾನೇ ಬಟ್ಟೆ ತಗೊಂಡು ಹೋಗ್ತೀನಿ. ಅಳತೆ ಕೂಡುತ್ತಾ ನೋಡ್ಬೇಕು.”

“ತುಂಬಾ ದೂರ ಕಣೇ” ಎಂದ ಸೈಜಣ್ಣ, ಗಿರಾಕಿಯ ಎದುರು ಮಾತಾಡುವ ಅದೇ ಧೈರ್ಯದಲ್ಲಿ. “ಹೋಗಿ ಬರೋಷ್ಟರಲ್ಲಿ ಕತ್ತಲಾಗಿಬಿಡುತ್ತೆ.”

“ಪರವಾಗಿಲ್ಲ ಬಿಡಿ” ಎಂದಳು ಅವಳು. “ನಾಳೆಯಿಂದ ಹಗಲು ಜಾಸ್ತಿ ಅಲ್ವಾ.”