ಬೋನಸ್ ವಾಪಸಾತಿ

ರಾಜೀನಾಮೆ ಬಿಸಾಕಿ ಮನೆಗೆ ಬಂದ ಲಿಫ್ಟ್ ಮೆಕ್ಯಾನಿಕ್ಕಿಗೆ ರಾಜ್ಯ ಗೆದ್ದಷ್ಟು ಖುಷಿ. ಎಂಟು ತಿಂಗಳು ಸಹಿಸಿದ್ದ. ಆವತ್ತು ಸೂಪರ್‌ವೈಸರ್ ಎಲ್ಲರೆದುರು, "ಲಿಫ್ಟಿಗಿಂತ ನಿನ್ನ ಬಾಯೇ ಜಾಸ್ತಿ ಓಡತ್ತಲ್ಲಯ್ಯಾ" ಅಂದುಬಿಟ್ಟಿದ್ದ. ಸ್ವಾಭಿಮಾನಿ ಸ್ಪ್ಯಾನರ್ ಕೆಳಗಿಟ್ಟು ಪೆನ್ನು ಎತ್ತಿಕೊಂಡ.

"ಬಿಟ್ಟೆ ಕಣೇ!" ಎಂದು ಬಾಗಿಲಲ್ಲೇ ಘೋಷಿಸಿದ.

"ಏನನ್ನ, ಛತ್ರೀನಾ?" ಹೆಂಡತಿಯ ಹೊಲಿಗೆ ಯಂತ್ರ ಓಡುತ್ತಲೇ ಇತ್ತು.

"ಕೆಲಸಾನ!"

ಯಂತ್ರ ನಿಂತಿತು. "ರೀ, ಎರಡು ವರ್ಷ ಇರಲೇಬೇಕು ಅಂತ ಸಹಿ ಹಾಕಿಸ್ಕೊಂಡು ಸೇರುವಾಗ ಬೋನಸ್ ಕೊಟ್ಟಿದ್ರಲ್ಲ, ಅದು?"

ಮೆಕ್ಯಾನಿಕ್ ಮೆಲ್ಲಗೆ ಕೂತ. ಆ ಬೋನಸ್ಸು ಈಗ ಒರಗುವ ಕುರ್ಚಿಯ ರೂಪದಲ್ಲಿ ಹಾಲ್‌ನಲ್ಲಿ ವಿರಾಜಮಾನವಾಗಿತ್ತು. ಅದರ ಮೇಲೆ ಅವನ ಅತ್ತೆ ಕಾಲು ಚಾಚಿ ವಿರಾಜಮಾನರಾಗಿದ್ದರು.

"ಮಾರಿಬಿಡೋಣ್ವಾ?" ಎಂದು ಪಿಸುಗುಟ್ಟಿದ.

"ಯಾರನ್ನ ಅಳಿಯಂದ್ರೇ?" ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು. (ಕಿವಿ ಮಾತ್ರ ಅವರಿಗೆ ನಿದ್ದೆಯಲ್ಲೂ ಚುರುಕು.)

ವಾರದಲ್ಲಿ ನೋಟೀಸು ಬಂತು: ತಿಂಗಳೊಳಗೆ ಪೂರ್ತಿ ಮೊತ್ತ ಹಿಂತಿರುಗಿಸತಕ್ಕದ್ದು. ಮೆಕ್ಯಾನಿಕ್ ಮೂರು ಮನವಿ ಬರೆದ. ಉತ್ತರವಿಲ್ಲ. ಕೊನೆಗೆ ಹೆಂಡತಿಯೇ ಸೆರಗು ಬಿಗಿದಳು. "ನಿಮ್ಮ ಕೈಲಾಗಲ್ಲ. ನಾನು ಹೋಗಿ ಬರ್ತೀನಿ."

ಬೆಳಿಗ್ಗೆ ಹತ್ತಕ್ಕೆ ಹೋದವಳು ಮೂರಕ್ಕೆ ಮುಖವರಳಿಸಿಕೊಂಡು ಬಂದಳು.

"ಮನ್ನಾ ಮಾಡಿದ್ರಾ?"

"ಅಲ್ಲೊಬ್ಬರು ಅಧಿಕಾರಿ ಇದಾರೆ, ಪಾಪ. ನಿಮ್ಮನ್ನೂ ಸೇರಿಸಿ ಮೂವತ್ತೆರಡು ಜನ ಬೋನಸ್ ನುಂಗಿ ಹೋಗಿದಾರಂತೆ. ಎರಡು ಗಂಟೆ ನನ್ನ ಹತ್ರ ವಾದ ಮಾಡಿ ಸುಸ್ತಾಗಿ, 'ಅಮ್ಮಾ, ಇವರ ಹತ್ರ ವಸೂಲಿ ಮಾಡೋ ಕೆಲಸ ನೀವೇ ಮಾಡ್ತೀರಾ?' ಅಂದ್ರು. ಸೋಮವಾರದಿಂದ ಬರ್ತೀನಿ ಅಂದೆ."

ಮೆಕ್ಯಾನಿಕ್ ಕುಣಿದಾಡಿದ. ಆಫೀಸಿನಲ್ಲಿ ಸ್ವಂತ ಹೆಂಡತಿ! ಇನ್ನು ತನ್ನ ಕಡತ ಯಾವ ಬೀರುವಿನ ಅಡಿ ಸೇರಿದರೂ ಕೇಳುವವರಿಲ್ಲ.

ಸೋಮವಾರ ಸಂಜೆ ಅವಳು ಕೈಗಿತ್ತ ಲಕೋಟೆಯಲ್ಲಿ "ಶ್ರೀಯುತರೇ" ಎಂದು ಶುರುವಾದ ಕಾಗದವಿತ್ತು. ಹತ್ತು ಕಂತು, ಮೊದಲನೆಯದು ಐದನೇ ತಾರೀಖಿಗೆ. ಕೆಳಗೆ ಹೆಂಡತಿಯ ದುಂಡು ಸಹಿ.

"ನಾನು ನಿನ್ನ ಗಂಡ ಕಣೇ!"

"ಅದಕ್ಕೇ ನಿಮ್ಮಿಂದ ಶುರು ಮಾಡಿದ್ದು. ಸ್ವಂತ ಗಂಡನ್ನೇ ಬಿಡಲಿಲ್ಲ ಅಂತ ಗೊತ್ತಾದ್ರೆ ಉಳಿದ ಮೂವತ್ತೊಂದು ಜನ ತಾವಾಗೇ ಬರ್ತಾರೆ."

"ಹೊಸ ಕೆಲಸ ಸಿಗೋವರೆಗಾದ್ರೂ ಟೈಮ್ ಕೊಡೇ."

"ಅರ್ಜಿ ತಗೊಂಡು ಆಫೀಸಿಗೆ ಬನ್ನಿ. ಮನೇಲಿ ನಾನು ಆಫೀಸ್ ವಿಷಯ ಮಾತಾಡಲ್ಲ."

ಮರುದಿನ ಮೆಕ್ಯಾನಿಕ್ ಅರ್ಜಿ ಹಿಡಿದು ಸಾಲಿನಲ್ಲಿ ನಿಂತ. ಮುಕ್ಕಾಲು ಗಂಟೆಯ ಮೇಲೆ ಅವನ ಸರದಿ ಬಂತು. ಕೌಂಟರಿನಾಚೆ ಕೂತಿದ್ದ ಹೆಂಡತಿ ಅರ್ಜಿ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಅವನನ್ನೇ ನೋಡುತ್ತಾ ಕೇಳಿದಳು:

"ಹೆಸರು?"