ಮೆತ್ತಗೆ ಕೇಳಿದರೆ ತೆರೆಯುವ ಬಾಗಿಲು

ಈ ಮನೆಯ ಬಾಗಿಲಿಗೂ ಶಿಸ್ತು ಕಲಿಸಿಯೇ ತೀರುತ್ತೇನೆಂದು ನಿವೃತ್ತ ಡ್ರಿಲ್ ಮೇಷ್ಟ್ರು ಪಣ ತೊಟ್ಟರು. ಬಾಗಿಲೇನೂ ಅವರನ್ನು ಕೇಳಿಕೊಂಡಿರಲಿಲ್ಲ!

ಕೇಳಿದ್ದು ಸೊಸೆ. ಯಾರ ದನಿಯೆಂದು ಗುರುತಿಸಿ ತೆರೆಯುವ ಬೀಗಕ್ಕೆ ಅವಳು ಪ್ರೋಗ್ರಾಂ ಬರೆಯುತ್ತಿದ್ದಳು. ಪರೀಕ್ಷೆಗೆಂದು ಮುಂಬಾಗಿಲಿಗೇ ಒಂದನ್ನು ಕೂರಿಸಿ, "ಸೆಟ್ಟಿಂಗ್ಸಲ್ಲಿ ಏನೇನಿರಬೇಕು ಹೇಳಿ ಮಾವ" ಎಂದಳು. ಮಾವ ನಲವತ್ತೊಂದು ಸಲಹೆ ಬರೆದುಕೊಟ್ಟರು.

"ಯಾವುದನ್ನೂ ಕಟ್ಟಿಹಾಕಬೇಡಮ್ಮ. ಎಷ್ಟು ಹೊತ್ತಿಗೆ ಮುಚ್ಕೋಬೇಕು, ಎಷ್ಟು ಜೋರು ಸಹಿಸಬೇಕು, ತಪ್ಪಿದ್ರೆ ಏನು ಶಿಕ್ಷೆ, ಎಲ್ಲಾ ಹಿಗ್ಗಿಸೋ ಕುಗ್ಗಿಸೋ ಹಾಗಿರ್ಲಿ. ಒಬ್ಬೊಬ್ಬರಿಗೂ ಅವರವರದೇ ಸೆಟ್ಟಿಂಗು!"

ತಮ್ಮ ಪಾಲಿಗೆ ಅವರು ಆರಿಸಿಕೊಂಡದ್ದು: ಮೂರು ಸೆಕೆಂಡಿಗೆ ಮುಚ್ಚಬೇಕು, ಮೆತ್ತಗೆ ಕೇಳಿದರಷ್ಟೇ ತೆರೆಯಬೇಕು, ಅರಚಿದರೆ ಪ್ರತಿ ಸಲಕ್ಕೂ ಒಂದು ನಿಮಿಷ ದಂಡ.

"ನೀನೂ ಇದನ್ನೇ ಹಾಕ್ಕೋ. ನಿನ್ನ ಗಂಟಲಿಗೆ ತಕ್ಕ ಮದ್ದು" ಎಂದರು ಹೆಂಡತಿಗೆ.

"ನಂಗೆ ಬೇಕಾದ್ದು ಹಾಕ್ಕೋತೀನಿ ಬಿಡಿ."

ಗಂಟಲಿನ ಮಾತು ಬಂತಲ್ಲ, ಮೇಷ್ಟ್ರು 'ಸಾವಧಾನ್' ಎಂದರೆ ಮೂರು ಬೀದಿಯಾಚೆ ಮಲಗಿದ್ದ ನಾಯಿ ಎದ್ದು ನೆಟ್ಟಗೆ ನಿಲ್ಲುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಅವರೊಬ್ಬರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಬಟ್ಟೆ ಒಣಹಾಕಲು ಹೊರಗಿನ ಮೆಟ್ಟಿಲು ಹತ್ತಿ ತಾರಸಿಗೆ ಹೋದರು. "ಒಲೆ ಮೇಲೆ ಹಾಲಿದೆ. ಕಣ್ಣು ಆಚೀಚೆ ಹೋಗಕೂಡದು!"

ಕಣ್ಣು ಹೋಗಲಿಲ್ಲ, ಮೇಷ್ಟ್ರೇ ಹೋದರು. ಹೊರಗೆ ಬಿದ್ದಿದ್ದ ಪೇಪರ್ ಎತ್ತಿಕೊಂಡು ತಿರುಗುವಷ್ಟರಲ್ಲಿ ಬಾಗಿಲು ಟಕ್!

"ಬಾಗಿಲು ತೆಗಿ!"

"ದನಿ ಜೋರಾಯಿತು. ಒಂದು ನಿಮಿಷ ಕಾಯಿರಿ" ಎಂದಿತು ಬೀಗ.

"ನಾನು ಮೆತ್ತಗೇ ಹೇಳಿದ್ದು!"

"ಎರಡು ನಿಮಿಷ."

"ಅಯ್ಯೋ, ಹಾಲು ಕಣೋ!"

"ಮೂರು."

ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದರು. ಹಾಲಿನ ಅಂಚಿನಲ್ಲಿ ಗುಳ್ಳೆ ಏಳತೊಡಗಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಒಂಟಿಕಾಲಲ್ಲಿ ಕುಣಿಯುತ್ತ ಎರಡು ನಿಮಿಷ ಸವೆಸಿದರು. ಇನ್ನೊಂದೇ ನಿಮಿಷ! ಅಷ್ಟರಲ್ಲಿ ಹಾಲು ಬುಸ್ಸೆಂದು ಉಕ್ಕಿತು. ಉರಿ ಆರಿತು. ಗ್ಯಾಸ್ ಮಾತ್ರ ಸುಯ್ಯೆನ್ನುತ್ತಲೇ ಇತ್ತು. ಕಿಟಕಿಯ ಸಂದಿಯಿಂದ ವಾಸನೆ ಮೂಗಿಗೆ ಬಡಿಯಿತು. ಮೇಷ್ಟ್ರ ಗಂಟಲು ಕಟ್ಟೆಯೊಡೆಯಿತು. ಬೀಗ ಶಾಂತವಾಗಿ ಹದಿನೇಳರವರೆಗೆ ಎಣಿಸಿತು.

ಮೆಟ್ಟಿಲ ಮೇಲೆ ಬಕೆಟ್ ಉರುಳಿದ ಸದ್ದು. ಹಿಂದೆಯೇ ಹೆಂಡತಿ.

"ರೀ!! ಏನ್ರೀ ಅದು ವಾಸನೆ?!"

ಬಾಗಿಲು ತಟ್ಟನೆ ತೆರೆದುಕೊಂಡಿತು!

ಆಕೆ ಒಳಗೆ ನುಗ್ಗಿ ಗ್ಯಾಸ್ ನಿಲ್ಲಿಸಿ ಕಿಟಕಿಗಳನ್ನೆಲ್ಲ ತೆರೆದರು. ಮೇಷ್ಟ್ರು ಇನ್ನೂ ಹೊಸ್ತಿಲಲ್ಲೇ ನಿಂತಿದ್ದರು.

"ನಿಂಗೆ ಹೇಗೆ ತೆಗೀತು?"

"ಅವರವರಿಗೆ ಅವರವರದೇ ಸೆಟ್ಟಿಂಗು ಅಂದೋರು ಯಾರು? ನಾನು ಕೂಗಿದ ತಕ್ಷಣ ತೆಗೀಬೇಕು ಅಂತ ಹಾಕ್ಕೊಂಡಿದ್ದೆ. ಮೂವತ್ತು ವರ್ಷದಿಂದ ಈ ಮನೇಲಿ ಒಬ್ಬರೂ ಹಾಗೆ ಓಗೊಟ್ಟಿರ್ಲಿಲ್ಲ ನೋಡಿ. ಹಿಡೀರಿ ಬಟ್ಟೆ, ಒಲೆ ಒರೆಸಿ!"

ಸಂಜೆ, ಮೇಷ್ಟ್ರು ಇನ್ನೂ ಒಲೆಯ ಮೂಲೆಗಳನ್ನು ಕೆರೆಯುತ್ತಿದ್ದಾಗ ಆಫೀಸಿನಿಂದ ಸೊಸೆಯ ಫೋನು. "ಮಾವ, ಬಾಗಿಲಿನ ವಿಷಯ ಇನ್ನೇನಾದ್ರೂ ಸಲಹೆ?"

"ಬಾಗಿಲೇ? ಏನೂ ಇಲ್ಲ ತಾಯಿ..." ಎಂದರು ಮೇಷ್ಟ್ರು.

ಆ ದನಿ ಎಷ್ಟು ಮೆತ್ತಗಿತ್ತೆಂದರೆ, ಬೆನ್ನ ಹಿಂದೆ ಮುಂಬಾಗಿಲು ತಾನಾಗಿಯೇ ತೆರೆದುಕೊಂಡಿತು.