ಬೈಸಿಕೊಳ್ಳುವವರ ಸಾಲು

...ಅಥವಾ ಮಾವ ಮೊದಲು ಬೈದದ್ದು ಹಕ್ಕಿಯನ್ನಲ್ಲ, ನನ್ನನ್ನೇ ಇರಬಹುದು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕೇಳುವವರು ನಕ್ಕ ಕಡೆಗೆಲ್ಲ ವಾಲುತ್ತದೆ ಅದು. ಆದರೆ ಒಂದು ಮಾತನ್ನು ಆಣೆಯಿಟ್ಟು ಹೇಳಬಲ್ಲೆ: ನನ್ನ ಸೋದರಮಾವನಷ್ಟು ನಿಷ್ಠೆಯಿಂದ ಸಿಟ್ಟಾಗುವವರು ಒಂಟಿಕೊಪ್ಪಲಿನಲ್ಲಿ ಇನ್ನೊಬ್ಬರಿಲ್ಲ. ಬೆಳಗ್ಗೆ ಎಲ್ಲರೂ ಕಾಫಿ ಕುಡಿಯುತ್ತಾರೆ. ಇವರು ಕಾಫಿಯನ್ನು ಬೈದು, ಆಮೇಲೆ ಕುಡಿಯುತ್ತಾರೆ.

ಬಿ.ಪಿ. ಇಳಿಯಲಿ ಎಂದು ಡಾಕ್ಟರು ನಡೆಯಲು ಹೇಳಿದರು. ದಿನವೂ ಸ್ಕೂಟರಿನಲ್ಲಿ ಅವರನ್ನು ಚಾಮುಂಡಿ ಬೆಟ್ಟದ ಪಾದಕ್ಕೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಮೆಟ್ಟಿಲ ಪಕ್ಕದ ಕಾಲುದಾರಿಯಲ್ಲಿ ನಡೆದರೆ ಇಳಿಯಿತೇ? ಫೋನಿನಲ್ಲಿ ಹಾಡು ಹಾಕಿಕೊಂಡವರು, ಹಿಂದುಹಿಂದಕ್ಕೆ ನಡೆಯುವವರು, ಗೋಕುಲಂನ ಯೋಗಶಾಲೆಗಳಿಂದ ಬಂದು ಬಂಡೆಯ ಮೇಲೆ ತಲೆಕೆಳಗಾಗಿ ನಿಲ್ಲುವ ವಿದೇಶದವರು, ಯಾರನ್ನೂ ಬಿಡಲಿಲ್ಲ. "ದೇವ್ರು ಕಾಲು ಯಾಕೋ ಕೊಟ್ಟಿರೋದು ಅವನಿಗೆ?" ಎಂದು ನನ್ನನ್ನು ಕೇಳುವರು, ಕೊಟ್ಟವನು ನಾನೇ ಎಂಬಂತೆ.

ಆ ಬುಧವಾರ ಗರಸು ನೆಲದ ಒಂದು ತಿರುವಿನಲ್ಲಿ ಟಿಟ್ಟಿಭ ಹಕ್ಕಿಯೊಂದು ಕಿರುಚುತ್ತಾ ಅವರ ತಲೆಯ ಮೇಲೆರಗಿತು. ಮಾವ ತಿರುಗಿ ಕಿರುಚಿದರು. ಇಬ್ಬರೂ ಸೋಲಲಿಲ್ಲ. ಕೊನೆಗೆ ಕೆಳಗೆ ನೋಡಿದರೆ, ಅವರ ಎರಡು ಬೂಟುಗಳ ನಡುವೆ ಬರಿನೆಲದ ಮೇಲೆ ಗರಸಿನದೇ ಬಣ್ಣದ ನಾಲ್ಕು ಮೊಟ್ಟೆ.

"ಗೂಡು ಕಟ್ಟೋ ಯೋಗ್ಯತೆ ಇಲ್ಲ, ದಾರೀಲಿ ಇಟ್ಬುಟ್ಟಿದೆ. ಮೇಲೆ ನಮಗೇ ಬೈತದೆ," ಎಂದರು. ಆದರೆ ಹಸಿ ಸಿಮೆಂಟಿನ ಮೇಲೆ ಸಿಕ್ಕಿಬಿದ್ದವರಂತೆ ಒಂದೊಂದೇ ಕಾಲೆತ್ತಿ ಹಿಂದೆ ಸರಿದರು.

ಶುಕ್ರವಾರ ಬಂದರೆ ಆಷಾಢದ ಜನಜಂಗುಳಿ. ಯಾರೂ ತುಳಿಯದಿರಲಿ ಎಂದು ಮಾವ ಗುರುವಾರವೇ ಮೊಟ್ಟೆಗಳ ಸುತ್ತ ತುಸು ದೂರ ಬಿಟ್ಟು ಒಂದು ಕಲ್ಲಿನ ಸುತ್ತು ಕಟ್ಟಿದರು. ಬುದ್ಧಿವಂತರು! ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುವ ಜನ, ವೃತ್ತಾಕಾರವಾಗಿ ಜೋಡಿಸಿದ ಕಲ್ಲನ್ನು ಸುಮ್ಮನೆ ಬಿಟ್ಟಾರೇ?

ಶುಕ್ರವಾರ ನಸುಕಿನಲ್ಲಿ ನಾವು ಹೋಗುವಷ್ಟರಲ್ಲಿ ಕಲ್ಲುಗಳು ಕೆಂಪಾಗಿದ್ದವು. ಹೆಂಗಸೊಬ್ಬಳು ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಹಾಕುತ್ತಿದ್ದಳು.

"ಇದು ಯಾವ ದೇವ್ರು, ಬುದ್ಧಿ?"

"ದೇವ್ರಲ್ಲ ಕಣಮ್ಮ. ಮೊಟ್ಟೆ."

"ಅಂಗಾರೆ ನಾಗಪ್ಪಂದು," ಎಂದವಳೇ ಬುಟ್ಟಿಯಿಂದ ಹಾಲಿನ ಚೊಂಬು ತೆಗೆದಳು.

ಮಾವ ಅಡ್ಡ ನಿಂತು ಗರ್ಜಿಸಿದರು. ಅವಳು ಹೆದರಲಿಲ್ಲ, ಕಾಲಿಗೆ ಬಿದ್ದಳು. ಹಿಂದಿದ್ದವನೂ ಬಿದ್ದ. ಇನ್ನೂ ಬೈದರು. "ಇವರ ಕೈಲಿ ಬೈಸ್ಕೊಂಡ್ರೆ ಒಳ್ಳೇದಾಯ್ತದಂತೆ" ಎಂದು ಯಾರೋ ಹೇಳಿದ್ದೇ ತಡ, ಸಾಲು ಬೆಳೆಯಿತು.

"ಕೈ ಮುಗಿಯೋಕೆ ಇಷ್ಟು ಜನ. ಬಗ್ಗಿ ನೋಡೋನು ಒಬ್ಬ ಇಲ್ಲ," ಎಂದು ಹಲ್ಲು ಕಡಿದರು. ನನಗೂ ಸಿಟ್ಟು ಬಂದಿತ್ತು. ಆ ಜನದ ಮೇಲೆ, ಅವರನ್ನು ಸೇರಿಸಿದ ಈ ಮನುಷ್ಯನ ಮೇಲೆ. ಅಷ್ಟು ಹೊತ್ತೂ ಹಕ್ಕಿ ಮೇಲೆ ಸುತ್ತುತ್ತಾ ಕೂಗುತ್ತಿತ್ತು, ಇಳಿದು ಕಾವು ಕೊಡಲು ಜಾಗವೇ ಇಲ್ಲ.

"ಮಾವ, ಅದು ಕೂರಕ್ಕಾಗ್ತಿಲ್ಲ. ನಾವು ನಿಂತಿರೋದಕ್ಕೇ."

ಬೈಯುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. ಕುಂಕುಮ ಹತ್ತಿದ ಕಲ್ಲುಗಳನ್ನು ಒಂದೊಂದಾಗಿ ಪಂಚೆಯ ಮಡಿಲಲ್ಲಿ ತುಂಬಿಕೊಂಡು, ನೂರು ಹೆಜ್ಜೆ ಆಚೆ ಬರಿನೆಲದಲ್ಲಿ ಹೊಸ ಸುತ್ತು ಕಟ್ಟಿದರು. ಒಳಗೆ ಏನೂ ಇಲ್ಲ. ಅದರ ಮುಂದೆ ನಿಂತು ಇನ್ನೂ ಜೋರಾಗಿ ಬೈಯತೊಡಗಿದರು. ಸಾಲು ಅಲ್ಲಿಗೇ ಹೋಯಿತು. ಕಾಲುದಾರಿಯ ತಿರುವು ಖಾಲಿಯಾಯಿತು. ಹಕ್ಕಿ ಇಳಿದು, ಗರಿ ಉಬ್ಬಿಸಿ, ಕೂತಿತು. ಮಧ್ಯಾಹ್ನ ಮೀರುವವರೆಗೂ, ಗಂಟಲು ಕಟ್ಟಿ ಬರೀ ಗಾಳಿ ಬರುವವರೆಗೂ, ಮಾವ ಸಿಕ್ಕಸಿಕ್ಕವರನ್ನು ಬೈಯುತ್ತಲೇ ಇದ್ದರು. ನೀರು ಕೊಟ್ಟರೆ ನನಗೂ ಬೈಗುಳ.

ಶನಿವಾರ ಹೋದಾಗ ಮೊಟ್ಟೆಗಳಿರಲಿಲ್ಲ. ಚಿಪ್ಪಿನ ಚೂರೂ ಇಲ್ಲ, ಹಕ್ಕಿಯೂ ಇಲ್ಲ. ಹುಟ್ಟಿದ ದಿನವೇ ಮರಿಗಳು ಎದ್ದು ಓಡುತ್ತವೆಂದು ಫೋನಿನಲ್ಲಿ ಓದಿ ಹೇಳಿದೆ. ಆ ದಾರಿಯಲ್ಲಿ ನಾಯಿಗಳೂ ಓಡಾಡುತ್ತವೆ, ಅದನ್ನು ಹೇಳಲಿಲ್ಲ.

ಮಾವ ಮಂಡಿಯೂರಿ ಗರಸನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಉಳಿದಷ್ಟು ಗಂಟಲಿನಲ್ಲಿ, "ಓಡಿರ್ತಾವೆ ಅಲ್ವೇನೋ?" ಎಂದರು.

"ಓಡಿರ್ತಾವೆ ಮಾವ," ಎಂದೆ.

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.